ಒಂದೂ ಗುಂಡಿ ಇಲ್ಲದ ವರ್ಷ

ನನ್ನ ಅತ್ತಿಗೆ ಹದಿನಾಲ್ಕು ವರ್ಷ ರಸ್ತೆ ಗುಂಡಿ ಮುಚ್ಚಿದವಳು. ದಿನಗೂಲಿ. ಅಣ್ಣ ತೀರಿಕೊಂಡ ಮೇಲೆ ಮನೆ ನಡೆದದ್ದೇ ಅದರಿಂದ. ಅವಳಿಗಿದ್ದ ಆಸೆ ಒಂದೇ, ಕೆಲಸ ಖಾಯಂ ಆಗಬೇಕು. ನಿಯಮ ಸರಳವಾಗಿತ್ತು: ವರ್ಷಕ್ಕೆ ಮುನ್ನೂರು ಗುಂಡಿ ಮುಚ್ಚಿದವರಲ್ಲಿ ಹಿರಿಯರು ಖಾಯಂ. ಮುಂದಿನ ಸರದಿ ಅವಳದೇ. ಗುಂಡಿಗೇನೂ ಬರವಿರಲಿಲ್ಲ. ಎಲ್ಲರಿಗಿಂತ ಕಡಿಮೆ ದರ ಬರೆದವನಿಗೇ ಟೆಂಡರು ಹೋಗುತ್ತಿತ್ತು, ಮೊದಲ ಮಳೆಗೇ ಡಾಂಬರು ಸಿಪ್ಪೆಯಂತೆ ಸುಲಿದುಬರುತ್ತಿತ್ತು. ನಾನೂ ಅದೇ ತಂಡದವಳು, ಜಲ್ಲಿ ಹೊತ್ತವಳು.

ಒಂದು ವರ್ಷದ ಲೆಕ್ಕ ಮುಗಿಯುವ ಹೊತ್ತಿಗೆ ಹೊಸ ಇಂಜಿನಿಯರಮ್ಮ ಬಂದರು. ಟೆಂಡರು ಕರೆಯುವ ಮೊದಲು, ಈ ರಸ್ತೆ ಮೂವತ್ತು ವರ್ಷಕ್ಕೆ ಎಷ್ಟು ಜಲ್ಲಿ, ಎಷ್ಟು ಡಾಂಬರು ತಿನ್ನುತ್ತದೆಂದು ತಿಳಿಯಬೇಕು ಎಂದರು. ಕಚೇರಿಯವರು ಕಪಾಟುಗಳನ್ನೆಲ್ಲಾ ತಡಕಿದರು. ಅಂಥ ಕಡತವೇ ಇರಲಿಲ್ಲ. ಕೊನೆಗೆ ಅವರು ರಸ್ತೆಗೇ ಬಂದು ಅತ್ತಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಇದೇ ಜಾಗದಲ್ಲಿ ಎಷ್ಟು ಸಲ ಮುಚ್ಚಿದೀರಮ್ಮ?"

"ಇದು ಇಪ್ಪತ್ತಾರನೇದು ಮೇಡಂ. ಮೇಲೆ ಎಂಥ ಡಾಂಬರು ಹಾಕಿದ್ರೂ ಅಷ್ಟೇ. ಕೆಳಗೆ ನೀರು ನಿಲ್ಲುತ್ತೆ. ಮೋರಿ ಕಟ್ಕೊಂಡು ಯಾವ ಕಾಲ ಆಯ್ತೋ!"

ನಾನು ಹಿಂದಿನಿಂದ ಚಿವುಟಿದೆ. ಸುಮ್ಮನಾದರೆ ಅವಳು ನನ್ನ ಅತ್ತಿಗೆಯೇ? ಇಂಜಿನಿಯರಮ್ಮನನ್ನು ಆರು ಕಿಲೋಮೀಟರು ನಡೆಸಿ, ನೀರು ನಿಲ್ಲುವ ಹನ್ನೊಂದು ಜಾಗ ತೋರಿಸಿಯೇ ಬಿಟ್ಟಳು.

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ ಅತ್ತಿಗೆ!" ಎಂದೆ ಮನೆಯಲ್ಲಿ. "ಗುಂಡಿ ಇಲ್ದಿದ್ರೆ ಖಾಯಂ ಎಲ್ಲಿಂದ ಆಗುತ್ತೆ?"

"ಇಪ್ಪತ್ತಾರು ಸಲ ಕಣೇ. ನಾಚಿಕೆ ಆಗಲ್ವಾ ನಿಂಗೆ?"

ಮುಂದಿನ ವರ್ಷದ ಲೆಕ್ಕ ಶುರುವಾದಾಗ ಹೊಸ ರಸ್ತೆಗೆ ಮೊದಲು ಮೋರಿ ಆಯಿತು. ಆಮೇಲೆ ಹಳೆಯ ಡಾಂಬರನ್ನೇ ಕಿತ್ತು, ಕಾಯಿಸಿ, ಮತ್ತೆ ಹಾಸಿದರು. ನಮ್ಮ ಪಾಲಿಗೆ ಮೋರಿಯ ಕಸ ತೆಗೆಯುವ ಕೆಲಸ ಬಂತು. ಮಳೆಗಾಲವಿಡೀ ಅತ್ತಿಗೆ ಸೊಂಟದವರೆಗೆ ಕೆಸರಲ್ಲಿದ್ದಳು. ಮಳೆ ಹೋಯಿತು, ರಸ್ತೆ ಇತ್ತು.

ವರ್ಷದ ಕೊನೆಗೆ ಅರ್ಜಿ ತುಂಬಬೇಕು. ಅದರಲ್ಲಿ ಮುಚ್ಚಿದ ಗುಂಡಿಗೊಂದು ಕಾಲಂ ಇತ್ತು, ಮೋರಿಗೆ ಇರಲಿಲ್ಲ.

"ನಾವೇ ಗುಂಡಿ ತೋಡಿ ಮುಚ್ಚಿಬಿಡೋಣ," ಎಂದೆ. ನಿಜವಾಗಿಯೂ ಹೇಳಿದೆ, ತಮಾಷೆಗಲ್ಲ.

"ಮುಚ್ಚು ಬಾಯಿ," ಎಂದು ಅತ್ತಿಗೆ ಕಾಲಂನಲ್ಲಿ ಸೊನ್ನೆ ಬರೆದಳು.

"ವರ್ಷವೆಲ್ಲಾ ಏನೂ ಮಾಡಿಲ್ವಲ್ಲಮ್ಮ!" ಎಂದ ಗುಮಾಸ್ತ, ಮರುಕದಿಂದಲೇ.

ಅರ್ಜಿಯ ನಮೂನೆ ಬದಲಿಸಿ ಎಂದು ಇಂಜಿನಿಯರಮ್ಮ ಮೇಲಿನವರಿಗೆ ಮೂರು ಪತ್ರ ಬರೆದರು. ಪತ್ರ ತಲುಪಿದೆ ಎಂದು ಮೂರು ಪತ್ರ ಬಂದವು. ಪಕ್ಕದ ರಸ್ತೆಯಲ್ಲಿ ನಾನೂರ ಹನ್ನೆರಡು ಗುಂಡಿ ಮುಚ್ಚಿದ್ದ ಮೇಸ್ತ್ರಿ ಖಾಯಂ ಆದ. ಅತ್ತಿಗೆಗಿಂತ ಆರು ವರ್ಷ ಕಿರಿಯ. ಇಷ್ಟು ಒಳ್ಳೆಯ ರಸ್ತೆಗೆ ಖಾಯಂ ನೌಕರನೇ ಇರಬೇಕೆಂದು ಅವನನ್ನು ನಮ್ಮ ರಸ್ತೆಗೆ ಹಾಕಿ, ನಮ್ಮನ್ನು ಅವನ ರಸ್ತೆಗೆ ಕಳಿಸಿದರು. ಅತ್ತಿಗೆ ಅವತ್ತು ಅತ್ತಳು, ಊಟಕ್ಕೆ ಮುಂಚೆ, ಸ್ವಲ್ಪ ಹೊತ್ತು.

ಹೊಸ ಜಾಗದಲ್ಲಿ ಮೊದಲ ದಿನ ಕಣ್ಣು ಹಾಯಿಸಿದಷ್ಟು ದೂರ ಗುಂಡಿಗಳಿದ್ದವು. ನನಗೆ ಜೀವ ಬಂದಂತಾಯಿತು.

"ಅತ್ತಿಗೆ, ಸುಗ್ಗಿ! ಇಲ್ಲಿ ಮುನ್ನೂರು ಯಾವ ಲೆಕ್ಕ? ಬರೋ ವರ್ಷ ನೀವು ಖಾಯಂ. ಯಾರು ಬಂದು ಏನು ಕೇಳಿದ್ರೂ ಬಾಯಿ ಬಿಡ್ಬೇಡಿ, ನಿಮ್ಮ ದಮ್ಮಯ್ಯ."

ಅವಳು ದೊಡ್ಡದೊಂದು ಗುಂಡಿಯ ಮುಂದೆ ಕೂತು, ನೀರಿಗೆ ಕೈ ಇಳಿಬಿಟ್ಟು, ತಳ ಮುಟ್ಟಿ ನೋಡಿದಳು.

"ಜಲ್ಲಿ ಆಮೇಲೆ ತಾರೇ," ಎಂದಳು. "ಮೊದ್ಲು ಗುದ್ದಲಿ ಕೊಡು. ಈ ನೀರು ಹೋಗೋಕೆ ಎಲ್ಲಾದ್ರೂ ದಾರಿ ಇದೆಯಾ ನೋಡೋಣ."