ಸೊಯಿಲಾಳ ಒಂಬತ್ತು ಬಿಳಿ ಬಾಣಗಳು

ಬೆಳಗಿನ ಐದೂವರೆ. ಎಕ್ವಡಾರ್ ಗುಡ್ಡಸೀಮೆಯ ಸಾನ್ ಇಸಿದ್ರೊದಲ್ಲಿ ಬೂದಿ, ಜರಡಿ ಹಿಡಿದ ಹಿಟ್ಟಿನಂತೆ ಇಳಿಯುತ್ತಿದೆ. ಜ್ವಾಲಾಮುಖಿಯ ಮುದುಕಿ ಮಾಮಾ ರುಪಾಯ್, ಅಂದರೆ ರುಪಾಯ್ ತಾಯಿ, ತಲೆ ಬಾಚಿಕೊಂಡರೆ ಬೂದಿ ಉದುರುತ್ತದೆ, ಸಿಟ್ಟಿಗೆದ್ದು ಜಡೆ ಬಿಚ್ಚಿದರೆ ನದಿ ಕುದಿಯುತ್ತದೆ ಎನ್ನುತ್ತಿದ್ದಳು ನಮ್ಮಜ್ಜಿ. ಮೂರು ದಿನದಿಂದ ಮುದುಕಿ ಬಾಚಣಿಗೆ ಕೆಳಗಿಟ್ಟಿಲ್ಲ.

ಸಂತೆ ಬೀದಿಯ ಮುದ್ರಣದಂಗಡಿಯಲ್ಲಿ ಸೊಯಿಲಾ ತೊವಾಕೀಸಾ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದಾಳೆ. ಬೂದಿ ಹೊಕ್ಕರೆ ಯಂತ್ರ ಸತ್ತಂತೆ. ಕಿಟಕಿಯ ಗಾಜು ಸಣ್ಣಗೆ ನಡುಗುತ್ತಲೇ ಇದೆ. ಏಳೂವರೆಯ ಹಾಲಿನ ಲಾರಿಯಲ್ಲಿ ನದಿಯಂಚಿನ ಆರು ಹಳ್ಳಿಗಳಿಗೆ ಎಂಟುನೂರು ನಕ್ಷೆ ಹೋಗಬೇಕು. ಸೈರನ್ ಕೂಗಿದರೆ ಯಾವ ಕಡೆ ಓಡಬೇಕೆಂದು ತೋರಿಸುವ ನಕ್ಷೆ.

ನಲವತ್ತೊಂಬತ್ತರ ಸೊಯಿಲಾಳ ಹೆಸರು ಯಾವ ಹಾಳೆಯಲ್ಲೂ ಇರುವುದಿಲ್ಲ. ಸುತ್ತಲಿನ ನಾಲ್ಕು ಊರುಗಳ ಮುದ್ರಣದವರು ಪುಟ ಕೈಕೊಟ್ಟಾಗ ಅವಳಿಗೇ ಫೋನ್ ಮಾಡುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಕರೆ. ಅಕ್ಷರ ಚೌಕಗಳಾದರೆ, "ಫಾಂಟ್ ಕಳಿಸಿಲ್ಲ ನೀನು." ಚಿತ್ರ ಮಸುಕಾದರೆ, "ಮೂಲ ಚಿತ್ರ ಎಲ್ಲೋ ಬಿಟ್ಟು ಬಂದಿದೀಯ, ಹುಡುಕಿ ಜೋಡ್ಸು." ಪಟ್ಟಣದ ಒಂದು ಮುದ್ರಣಾಲಯದಲ್ಲಿ ನೆಲ ಒರೆಸುತ್ತ, ಕೆಲಸಗಾರರ ಹೆಗಲ ಮೇಲಿಂದ ಇಣುಕಿ ಕಲಿತ ವಿದ್ಯೆ ಇದು. "ಅವರು ತಪ್ಪು ಮಾಡ್ದಾಗ್ಲೆಲ್ಲ ನಾನು ಕಲ್ತೆ. ತುಂಬಾ ತಪ್ಪು ಮಾಡೋರು, ಪುಣ್ಯಾತ್ಮರು!"

ಅವಳದೊಂದು ಕಟ್ಟಳೆ. ಪರದೆಯನ್ನು ನಂಬುವುದಿಲ್ಲ. ಮೊದಲ ಹಾಳೆಯನ್ನು ಓದು ಬಾರದವರ ಕೈಗೇ ಕೊಡುತ್ತಾಳೆ. ಇವತ್ತು ಅದು ಬಾಗಿಲಲ್ಲಿ ಬಿಸಿ ಜೋಳದ ಗಂಜಿ ಮಾರುವ ಮಾಮಾ ಉರ್ಸುಲಾಳ ಪಾಲಿಗೆ.

"ತಾಯಿ, ಸೈರನ್ ಕೂಗ್ತು ಅಂತಿಟ್ಕೋ. ಎಲ್ಲಿಗೆ ಓಡ್ತೀಯ?"

"ಓಡೋದಾ? ಈ ಮಂಡಿ ಇಟ್ಕೊಂಡಾ?" ಮುದುಕಿಯ ಬೆರಳು ಹಾಳೆಯ ಮೇಲೆ ಅಲೆದು ನದಿದಂಡೆಯ ಇಗರ್ಜಿಯಲ್ಲಿ ನಿಲ್ಲುತ್ತದೆ. "ಇಲ್ಲಿಗೆ. ಮೇರಿಮಾತೆ ಹತ್ರ. ಇನ್ನೆಲ್ಲಿಗೆ ಹೋಗ್ಲಿ, ನಿನ್ನ ಮನೆಗಾ?"

ಸೊಯಿಲಾ ಹಾಳೆ ಕಿತ್ತುಕೊಂಡು ಪರದೆಯ ಪಕ್ಕ ಹಿಡಿಯುತ್ತಾಳೆ. ಪರದೆಯ ಮೇಲೆ ನದಿಯಿಂದ ಸ್ಮಶಾನದ ಗುಡ್ಡಕ್ಕೆ ಒಂಬತ್ತು ಬಿಳಿ ಬಾಣಗಳು ಏರುತ್ತಿವೆ. ಕಾಗದದ ಮೇಲೆ ಒಂದೂ ಇಲ್ಲ. ನಕ್ಷೆ ಬರೆದವರು ಮೊದಲು ಕಪ್ಪು ಬಾಣ ಹಾಕಿ, ಕೆಳಗಿನ ಬಣ್ಣದ ಮೇಲೆಯೇ ಮುದ್ರಿಸು ಎಂದು ಗುರುತು ಒತ್ತಿದ್ದಾರೆ. ಆಮೇಲೆ ಬಾಣವನ್ನು ಬಿಳಿ ಮಾಡಿದ್ದಾರೆ, ಗುರುತು ತೆಗೆಯಲು ಮರೆತಿದ್ದಾರೆ. "ಬಿಳಿ ಅಂದ್ರೆ ಮಸಿ ಅಲ್ಲ ಕಣೇ, ಮಸಿ ಬಿಟ್ಟ ಜಾಗ," ಎನ್ನುತ್ತಾಳೆ, ಪಕ್ಕದಲ್ಲಿ ಕೂತು ಅವಳ ಕತೆ ಬರೆದುಕೊಳ್ಳುತ್ತಿರುವ ನನಗೆ. "ಜಾಗ ಬಿಡು ಅಂತ ಹೇಳ್ದೆ ಇದ್ರೆ ಯಂತ್ರ ಗುಡ್ಡದ ಹಸಿರನ್ನೇ ತುಂಬ್ಸಿಬಿಡತ್ತೆ."

ಒಂದೊಂದೇ ಬಾಣ ಹಿಡಿದು ಗುರುತು ತೆಗೆಯುತ್ತಾಳೆ. ಎಂಟು ಮುಗಿಯುತ್ತವೆ. ಒಂಬತ್ತನೆಯದು ಇನ್ನೊಂದು ಪದರದಡಿ ಅಡಗಿದೆ. ಹುಡುಕುವಾಗ ನೆಲವೇ ಒಮ್ಮೆ ಗುಡುಗುತ್ತದೆ. ಅವಳು ಮೌಸ್ ಬಿಡದೆ ಅದನ್ನೂ ಹುಡುಕಿ ಗುರುತು ತೆಗೆಯುತ್ತಾಳೆ.

ಎರಡನೆಯ ಹಾಳೆ ಕಂಡು ಉರ್ಸುಲಾ ನಗುತ್ತಾಳೆ. "ಸ್ಮಶಾನದ ಗುಡ್ಡಕ್ಕಾ! ಸತ್ತ ಮೇಲೆ ಹೋಗೋ ಜಾಗಕ್ಕೆ ಈಗ್ಲೇ ಕಳಿಸ್ತೀಯಲ್ಲೇ!" ಆಮೇಲೆ ನಗು ನಿಲ್ಲುತ್ತದೆ. "ಹೋಗ್ತೀನಿ ಬಿಡು. ಆದ್ರೆ ಮೊದ್ಲು ಕೆಳಗಿಳ್ದು ಮಾತೇನ ಹೊತ್ಕೊಂಡು ಬರ್ಬೇಕಲ್ವಾ? ಅವಳನ್ನ ಬಿಟ್ಟು ಯಾರು ಹೋಗ್ತಾರೆ?"

ಯಾರೂ ಹೋಗುವುದಿಲ್ಲ. ಬೆಟ್ಟ ಗರ್ಜಿಸಿದರೆ ಮೊದಲು ಇಗರ್ಜಿಯ ವಿಗ್ರಹ, ಆಮೇಲೆ ಮನೆಮಂದಿ, ಇಲ್ಲಿನ ರೂಢಿ ಅದು. ಹದಿನೆಂಟು ವರ್ಷದ ಹಿಂದೆ ಸೊಯಿಲಾಳ ತಾಯಿ ಹಾಗೇ ಇಳಿದು ಹೋದಳು. ಕುದಿಯುವ ಕೆಸರು ಶಿಖರದಿಂದ ಹನ್ನೊಂದು ನಿಮಿಷದಲ್ಲಿ ಬಂತು. "ಮಾತೆ ಸಿಕ್ಕಿದ್ಲು, ಮೂಗು ಸ್ವಲ್ಪ ಮುಕ್ಕಾಗಿತ್ತು. ನಮ್ಮಮ್ಮ ಸಿಗ್ಲಿಲ್ಲ."

ಯಾವ ಗುರುತು ತೆಗೆದರೂ ಇದು ಸರಿಹೋಗದು. ಸೊಯಿಲಾ ಪರದೆಯ ಮೇಲೆ ಇಗರ್ಜಿಯ ಗುರುತಾಗಿದ್ದ ಮಾತೆಯ ಚಿತ್ರವನ್ನು ಹಿಡಿದು ಗುಡ್ಡದ ತುದಿಗೆ ಎಳೆದಿಡುತ್ತಾಳೆ. ಯಾರನ್ನೂ ಕೇಳುವುದಿಲ್ಲ. ಬಳಿಕ ಈ ವರ್ಷ ಮಾತೆಯ ಹಬ್ಬದ ಹೊಣೆ ಹೊತ್ತ ಯಜಮಾನ ದೊನ್ ಸೆಗುಂದೊಗೆ ಫೋನ್ ಹಚ್ಚುತ್ತಾಳೆ.

"ಯಜಮಾನ್ರೇ, ಮಾತೇನ ಈಗ್ಲೇ ಗುಡ್ಡಕ್ಕೆ ಸಾಗ್ಸಿ."

"ನಿದ್ದೆಗಣ್ಣಲ್ಲಿದೀಯಾ? ಪಾದ್ರಿನ ಕೇಳ್ಬೇಡ್ವಾ? ಬ್ಯಾಂಡು, ಹೂವು, ಪಟಾಕಿ..."

"ನಕ್ಷೇಲಿ ಅವಳು ಆಗ್ಲೇ ಮೇಲಿದಾಳೆ. ಎಂಟುನೂರು ಮನೆಯವರು ಅದನ್ನ ನಂಬಿ ಹತ್ತಿ ಬಂದಾಗ ಅವಳಿಲ್ದೆ ಇದ್ರೆ, ನೀವೇ ಉತ್ರ ಕೊಡಿ."

ಅತ್ತ ಮಂಚ ಕಿರುಗುಟ್ಟುತ್ತದೆ. "ಬಾಯಿಬಡುಕಿ! ತಡಿ, ಮಕ್ಳನ್ನ ಎಬ್ಬಿಸ್ತೀನಿ."

ಆದರೂ ಸೊಯಿಲಾ ಮುದ್ರಣದ ಗುಂಡಿ ಒತ್ತುವುದಿಲ್ಲ. ವಿಗ್ರಹ ಕದಲದಿದ್ದರೆ ಅವಳ ಹಾಳೆ ಸುಳ್ಳಾಗುತ್ತದೆ, ಜನ ಮತ್ತೆ ನದಿಗಿಳಿಯುತ್ತಾರೆ. ಆರೂವರೆ. ಆರೂ ಮುಕ್ಕಾಲು. ಬೂದಿ ಹೆಚ್ಚುವ ಮೊದಲೇ ಹೊರಡಬೇಕೆಂದು ಬೇಗ ಬಂದ ಲಾರಿಯವನು ಹಾರ್ನ್ ಹಾಕಿ ಬೈಯುತ್ತಾನೆ. ಬೂದಿಯೊಳಗೆ ಕೊನೆಗೂ ಆರು ಜನ ಕಾಣುತ್ತಾರೆ. ಬ್ಯಾಂಡಿಲ್ಲ, ಹೂವಿಲ್ಲ. ಕಂಬಳಿ ಹೊದ್ದ ಮಾತೆ ಹೆಗಲ ಮೇಲೆ ಓಲಾಡುತ್ತ ಗುಡ್ಡದ ದಾರಿ ಹಿಡಿಯುತ್ತಾಳೆ. ಆಗ ಸೊಯಿಲಾ ಒತ್ತುತ್ತಾಳೆ.

ಲಾರಿ ಹೋದ ಮೇಲೂ ಗಾಜು ನಡುಗುತ್ತಲೇ ಇದೆ. ಇನ್ನೇನು ಆಸೆಯಿದೆ ಎಂದು ನಾನು ಕೇಳಿದರೆ ಬೂದಿಮೆತ್ತಿದ ರೆಪ್ಪೆ ಒರೆಸಿಕೊಳ್ಳುತ್ತಾಳೆ.

"ಈ ಹಾಳೆ ಯಾರ ಉಪಯೋಗಕ್ಕೂ ಬರ್ದೇ ಇರ್ಲಿ ಕಣೇ. ಮುಂದಿನ ವರ್ಷ ಆ ಹಳ್ಳಿಗಳಿಗೆ ಹೋದಾಗ, ಅಡುಗೆಮನೇಲಿ ಸಾಕಿರೋ ಗಿನಿಪಿಗ್ ಗೂಡಿನಡಿ ಇದನ್ನ ರದ್ದಿ ಥರ ಹಾಸಿರೋದು ಕಾಣ್ಲಿ. ಅಷ್ಟಾದ್ರೆ ಸಾಕು."