ಆಡಿನ ಕಣ್ಣಿನ ಮೇಲೆ ಕಲಿತದ್ದು

ತೊಂಬತ್ತರ ದಶಕದ ಮೊದಲ ವರ್ಷಗಳು. ಕಲ್ಯಾಣದುರ್ಗದ ಒಂದು ಆಸ್ಪತ್ರೆಯಲ್ಲಿ ನಾನು ಕಣ್ಣಿನ ಡಾಕ್ಟರು. ಪೊರೆ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುವ ಹಳೆಯ ಆಪರೇಷನ್ ನನಗೆ ಬರುತ್ತಿತ್ತು. ಕಣ್ಣಿನೊಳಗೇ ಲೆನ್ಸ್ ಕೂರಿಸುವ ಹೊಸದನ್ನು ಕಲಿಯಲೆಂದು ನಮ್ಮ ಹಿರಿಯ ಡಾಕ್ಟರು ನನ್ನನ್ನು ಹಿಂದೂಪುರದ ತರಬೇತಿಗೆ ಕರೆದುಕೊಂಡು ಹೋದರು. ಹೊರಡುವ ಮೊದಲೇ, ವಾಪಸ್ ಬಂದ ಕೂಡಲೇ ಲೆನ್ಸ್ ಆಪರೇಷನ್ನಿನ ಕ್ಯಾಂಪ್ ಮಾಡುತ್ತೇವೆ ಎಂದು ಊರಿಗೆಲ್ಲ ಸಾರಿಬಿಟ್ಟಿದ್ದರು. ಮೊದಲು ಹೆಸರು ಕೊಟ್ಟವನು ನಮ್ಮ ಬೀದಿಯ ನೇಕಾರ ತಾತ. ಎರಡೂ ಕಣ್ಣಿಗೆ ಪೊರೆ ಬಂದು, ಕಡಿದ ಎಳೆ ಕಾಣದೆ ಮಗ್ಗ ಬಿಟ್ಟಿದ್ದ.

ಕಲಿಸಲು ಬೆಂಗಳೂರಿನಿಂದ ಒಬ್ಬ ಸರ್ಜನ್ ಬಂದಿದ್ದರು. ಮಟನ್ ಅಂಗಡಿಯಿಂದ ತಂದ ಆಡಿನ ಕಣ್ಣುಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕೊಯ್ದೆವು, ಹೊಲಿದೆವು. ಲೆನ್ಸ್ ಕೂರಬೇಕಾದ ತೆಳು ಚೀಲ ನನ್ನ ಕೈಯಲ್ಲಿ ಮತ್ತೆ ಮತ್ತೆ ಹರಿಯಿತು. ಸತ್ತ ಆಡು ದೂರು ಹೇಳುವುದಿಲ್ಲ. ನನಗೋ ಅಲ್ಲಿ ತಾತನ ಕಣ್ಣೇ ಕಾಣುತ್ತಿತ್ತು.

ಕೊನೆಯ ದಿನ ಸರ್ಜನ್ ನಮ್ಮನ್ನೆಲ್ಲ ಕೂರಿಸಿಕೊಂಡು, ತರಬೇತಿ ಹೇಗಿತ್ತು, ಇನ್ನು ಒಬ್ಬರೇ ಮಾಡಬಲ್ಲಿರಾ ಎಂದು ಒಬ್ಬೊಬ್ಬರನ್ನೇ ಕೇಳಿದರು. ಬಂದ ಅತಿಥಿಯ ಮುಂದೆ ಕೊರತೆ ಹೇಳುವ ಅಭ್ಯಾಸ ನಮ್ಮವರಿಗೆಲ್ಲಿದೆ? ಅದ್ಭುತ ಎಂದರು ಒಬ್ಬರು. ಇನ್ನೊಬ್ಬರು ಊಟವನ್ನೂ ಸೇರಿಸಿ ಹೊಗಳಿ ಕೂತರು. ಮಾಡಬಲ್ಲೆವು ಎಂದು ಎಲ್ಲರೂ ಹೇಳಿದ್ದಾಯಿತು. ನನ್ನ ಪಕ್ಕದಲ್ಲೇ ನಮ್ಮ ಹಿರಿಯರು. ಇಲ್ಲವೆಂದರೆ ಅವರ ಮಾನ ಹೋಗುತ್ತದೆ, ಆಮೇಲೆ ನನ್ನನ್ನು ನೆಮ್ಮದಿಯಾಗಿರಲು ಬಿಡುವವರಲ್ಲ. ಹೌದೆಂದರೆ ಹೋಗುವುದು ತಾತನ ಕಣ್ಣು. ಎದ್ದು ನಿಂತೆ.

"ಚೆನ್ನಾಗಿ ಕಲಿಸಿದಿರಿ ಸಾರ್. ಆದ್ರೆ ನನಗಿನ್ನೂ ಬಂದಿಲ್ಲ. ಒಬ್ಬಳೇ ಮಾಡೋಕೆ ಭಯ ಆಗ್ತದೆ."

ಹಿರಿಯರು ನನ್ನತ್ತ ತಿರುಗಿಯೂ ನೋಡಲಿಲ್ಲ. ಸರ್ಜನ್ ಮಾತ್ರ, ಹಾಗಾದರೆ ಮೊದಲ ಪೇಷೆಂಟನ್ನು ಇಲ್ಲಿಗೇ ಕರೆಸಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ, ಮಾಡುವುದು ನೀವೇ ಎಂದರು. ಬಚಾವಾದೆ ಎಂದುಕೊಂಡವಳಿಗೆ ಜೀವ ಬಾಯಿಗೆ ಬಂತು.

ಮರುದಿನ ತಾತ ಮಗಳ ಕೈ ಹಿಡಿದು ಬಸ್ಸಿನಲ್ಲಿ ಬಂದ. ಟೇಬಲ್ ಹತ್ತುವ ಮೊದಲು ಏನೂ ಮುಚ್ಚಿಡದೆ ಹೇಳಿದೆ. ಇದು ನನ್ನ ಮೊದಲನೆಯದು, ಬೇಡವೆಂದರೆ ಬೆಂಗಳೂರಿನವರೇ ಮಾಡುತ್ತಾರೆ ಎಂದೆ. ಬೇಡ ಎನ್ನಲಿ ಎಂದು ಒಳಗೊಳಗೇ ಬೇಡಿಕೊಂಡೆ.

"ನೀನೇ ಮಾಡು ಕಣಮ್ಮ," ಅಂದ. "ಆವಯ್ಯ ನಾಳಿಕ್ಕೆ ಬೆಂಗ್ಳೂರ್ಗೆ ಹೋಯ್ತಾನೆ. ನಮ್ಮೂರಾಗೆ ಇರೋಳು ನೀನೇ ಅಲ್ವಾ."

ಆ ಮಾತಿನಿಂದ ಧೈರ್ಯವೇನೂ ಬರಲಿಲ್ಲ, ಹೆದರಿಕೆ ಇನ್ನಷ್ಟು ಹೆಚ್ಚಿತು. ಆದರೂ ಮಾಡಿದೆ. ಸರ್ಜನ್ ಒಂದು ಕಡೆ ಮಾತ್ರ ನಿಧಾನ ಎಂದರು. ಚೀಲ ಹರಿಯಲಿಲ್ಲ. ಆದರೆ ಕೀವಾದರೆ, ಕಣ್ಣೊಳಗೆ ರಕ್ತ ತುಂಬಿದರೆ ಎಂದು ಏನೇನೋ ನೆನೆದು ಆ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ.

ಬೆಳಿಗ್ಗೆ ಪಟ್ಟಿ ಬಿಚ್ಚಿದೆ. ತಾತ ರೆಪ್ಪೆ ಬಡಿದ, ನೀರು ಸುರಿಯಿತು. ಮುಖದ ಮುಂದೆ ಬೆರಳು ಹಿಡಿದು ಎಷ್ಟೆಂದು ಕೇಳಿದೆ. ಕತ್ತು ಮುಂದೆ ಚಾಚಿ ಬೆರಳುಗಳನ್ನೇ ನೋಡಿದ.

"ಎರಡು," ಅಂದ ಕೊನೆಗೆ. "ಅವ್ಯಾಕಮ್ಮ ಹಂಗೆ ನಡುಗ್ತಾವೆ?"