ಶುಕೂರಾಕನ ಗ್ಯಾರೇಜಿನಲ್ಲಿ 'ನೋಡುವ' ಇಲ್ಲ

ಗುರುವಾಯನಕೆರೆಯ ಮೆಕ್ಯಾನಿಕ್ ಶುಕೂರಾಕ ಗಲ್ಫಿನಲ್ಲಿ ಹನ್ನೆರಡು ವರ್ಷ ಜಪಾನಿನ, ಅಮೆರಿಕದ ಕಾರುಗಳನ್ನು ಬಿಚ್ಚಿ ಜೋಡಿಸಿ ಬಂದವರು. ಜಪಾನಿನದ್ದು ಯಾಕೆ ಕಡಿಮೆ ಕೆಡುತ್ತದೆ ಎಂದು ಕೇಳಿದರೆ, "ಅಲ್ಲಿ ತಪ್ಪು ಕಂಡವ ಕೂಡಲೇ ಕೆಲಸ ನಿಲ್ಲಿಸ್ತಾನೆ ಮಾರಾಯ್ರೆ; ಅಮೆರಿಕದವ 'ಕಡೆಗೆ ನೋಡುವ' ಅಂತಾನೆ" ಎನ್ನುತ್ತಾರೆ. 'ನೋಡೋಣ' ಎನ್ನುವ ನಮ್ಮೂರಿನ ಆ 'ನೋಡುವ' ಅವರಿಗೆ ಬೈಗುಳಕ್ಕಿಂತ ಕೆಟ್ಟದ್ದು. ಗಿರಾಕಿ ಆ ಮಾತು ಹೇಳಿದರೆ ಕಾರಿನ ಕೀಲಿ ಕೊಡುವುದಿಲ್ಲ, ಹೆಂಡತಿ ಹೇಳಿದರೆ ಊಟ ಬಿಟ್ಟೇಳುತ್ತಾರೆ. ಅಂಥವರೇ ಒಂದು ಬೆಳಿಗ್ಗೆ, ಕೆಲಸದ ಗಡಿಬಿಡಿಯಲ್ಲಿ, ವಾಗ್ದೇವಿ ಟೀಚರ ಕಾರಿನ ಬ್ರೇಕ್ ಪೈಪಿನಲ್ಲಿ ಎಣ್ಣೆ ಜಿನುಗುವುದನ್ನು ಕಂಡೂ 'ನಾಳೆ ನೋಡುವ' ಎಂದು ಕಳಿಸಿಬಿಟ್ಟರು. ಟೀಚರು ಅಂದೇ ಮಗಳೊಂದಿಗೆ ಚಾರ್ಮಾಡಿ ಘಾಟಿಗೆ ಹೊರಡುತ್ತಾರೆಂದು ತಿಳಿದದ್ದೇ ತಡ, ಉಣ್ಣುತ್ತಿದ್ದ ಕೈಯಲ್ಲೇ ಸ್ಕೂಟರ್ ಓಡಿಸಿದರು. ಕಾರು ಇನ್ನೂ ಅಂಗಳದಲ್ಲೇ ಇತ್ತು. "ಇವಳ ಜಡೆ ಆಗ್ಲಿಲ್ಲ ಶುಕೂರಾಕ" ಎಂದರು ಟೀಚರು. ಶುಕೂರಾಕ ಮೆಟ್ಟಿಲ ಮೇಲೆ ಕುಸಿದು ಕೂತು, ಆ ಪುಟ್ಟ ಹುಡುಗಿಗೆ, "ನಿಧಾನ ಕಟ್ಟಿಸಿಕೋ ಮಗಳೇ, ಎರಡು ಜಡೆ ಹಾಕಿಸು" ಎಂದರು.